ಕಾಸರಗೋಡಿನ ಪದವಿ ವಿದ್ಯಾರ್ಥಿಗಳಿಗೆ ‘ನಾನು/ನಾವು’ ಪ್ರೈಮಿಂಗ್: ಯಾವ ವಿಧಾನ?

ಪ್ರೈಮಿಂಗ್ ಎಂದರೆ ಸಣ್ಣ ಕೆಲಸವೊಂದನ್ನು ಕೊಟ್ಟು ಒಂದು ಭಾವವನ್ನು, ಇಲ್ಲಿ ‘ನಾನು’ ಅಥವಾ ‘ನಾವು’ ಎಂಬುದನ್ನು, ಮನಸ್ಸಿನಲ್ಲಿ ಮುಂದಕ್ಕೆ ತರುವುದು. ಅದಕ್ಕಾಗಿ ಪಠ್ಯವೊಂದರ ಸರ್ವನಾಮಗಳಿಗೆ ವೃತ್ತ ಹಾಕಿಸುವ ವಿಧಾನವನ್ನು ಕನ್ನಡಕ್ಕೆ ತರಬಹುದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಬೇಡ. ಮನೋವಿಜ್ಞಾನಿ ಗಾರ್ಡ್ನರ್ ಮತ್ತು ಸಂಗಡಿಗರು 1999ರಲ್ಲಿ ಬಳಸಿದ್ದು ಇಂಗ್ಲಿಷ್ ಪಠ್ಯ. ಅಲ್ಲಿ ಸರ್ವನಾಮ ಬಿಟ್ಟರೆ ವಾಕ್ಯವೇ ಆಗದು. ನಮ್ಮಲ್ಲಿ ‘ಹೋದೆ’, ‘ಹೋದೆವು’ ಎಂದರೆ ಮುಗಿಯಿತು. ಸಾಲುಸಾಲಿಗೆ ‘ನಾನು’ ತುರುಕಿದರೆ ಪಠ್ಯ ಕೃತಕವಾಗಿ, ಉದ್ದೇಶ ಬಯಲಾಗುತ್ತದೆ. ಮನೆಯಲ್ಲಿ ತುಳು ಆಡುವವರಿಗೆ ಇನ್ನೊಂದು ತೊಡಕು: ಕೇಳುಗನನ್ನು ಸೇರಿಸಿಕೊಳ್ಳುವ ‘ನಮ’, ಹೊರಗಿಡುವ ‘ಎಂಕುಲು’ ಎರಡಕ್ಕೂ ಕನ್ನಡದಲ್ಲಿ ‘ನಾವು’ ಒಂದೇ. ಮಲಯಾಳದಲ್ಲೂ ಈ ಭೇದವಿದೆ.

ಟ್ರಾಫಿಮೊ, ಟ್ರಯಾಂಡಿಸ್, ಗೊಟೊ 1991ರಲ್ಲಿ ಬಳಸಿದ ವಿಧಾನ ಹಿಡಿಯಿರಿ. ಏನೂ ಬರೆಸದೆ 2 ನಿಮಿಷ ಯೋಚಿಸಲು ಹೇಳಬೇಕು: ಒಂದು ಗುಂಪಿಗೆ ಮನೆಯವರು, ಸ್ನೇಹಿತರಿಗಿಂತ ತಾನು ಹೇಗೆ ಬೇರೆ (‘ನಾನು’), ಇನ್ನೊಂದಕ್ಕೆ ಅವರೊಂದಿಗೆ ಯಾವುದರಲ್ಲಿ ಸಮಾನ (‘ನಾವು’). ಕೂಡಲೇ ‘ನಾನು ___’ ಎಂಬ 20 ವಾಕ್ಯ ತುಂಬಿಸಿ. ಉತ್ತರಗಳನ್ನು ವ್ಯಕ್ತಿಗುಣ, ಸಂಬಂಧ ಎಂದು ವಿಂಗಡಿಸುವ ಇಬ್ಬರಿಗೂ ಯಾವ ಹಾಳೆ ಯಾವ ಗುಂಪಿನದೆಂದು ಗೊತ್ತಿರಬಾರದು. ‘ನಾನು ಅಣ್ಣ’ ವ್ಯಕ್ತಿಗುಣವೋ ಸಂಬಂಧವೋ ಎಂಬ ತಕರಾರು ಖಂಡಿತ ಬರುತ್ತದೆ, ನಿಯಮ ಮೊದಲೇ ಬರೆದಿಡಿ.

ದೊಡ್ಡ ಅಪಾಯ ಬೇರೆಯೇ ಇದೆ. ಒಂದು ತರಗತಿಗೆ ‘ನಾನು’, ಪಕ್ಕದ್ದಕ್ಕೆ ‘ನಾವು’ ಕೊಟ್ಟರೆ ನೀವು ಅಳೆಯುವುದು ತರಗತಿಗಳ ವ್ಯತ್ಯಾಸವನ್ನು. ಹಾಳೆಗಳನ್ನು ಕಲಸಿ ಒಂದೇ ಕೋಣೆಯಲ್ಲಿ ಹಂಚಿ. ಸೂಚನೆಯಿಂದ ಕೊನೆಯ ಪ್ರಶ್ನೆಯವರೆಗೆ ಒಂದೇ ಭಾಷೆ ಇರಲಿ, ಭಾಷೆಯೇ ಪ್ರೈಮ್ ಆಗಬಲ್ಲದು.

ಗುಂಪಿಗೆ 30 ಜನ ಸಾಲದು. ಎರಡು ಗುಂಪುಗಳ ನಡುವಿನ ಪರಿಣಾಮದ ಗಾತ್ರ (ಕೋಹೆನ್‌ನ d) ಮಧ್ಯಮ, ಅಂದರೆ 0.5, ಎಂದುಕೊಂಡರೂ, ಇರುವ ವ್ಯತ್ಯಾಸವನ್ನು ಪತ್ತೆಹಚ್ಚುವ 80% ಸಾಮರ್ಥ್ಯಕ್ಕೆ ಗುಂಪಿಗೆ 64 ಬೇಕು, 0.3 ಆದರೆ ಸುಮಾರು 175. ಕೊನೆಗೆ ‘ಈ ಅಧ್ಯಯನ ಯಾವುದರ ಬಗ್ಗೆ ಅನ್ನಿಸಿತು?’ ಎಂದು ಕೇಳಿ. ಉದ್ದೇಶ ಊಹಿಸಿದವರನ್ನು ಏನು ಮಾಡುವುದೆಂದು ದತ್ತಾಂಶ ನೋಡುವ ಮೊದಲೇ ನಿರ್ಧರಿಸಿ.