ಮಲ್ಟಿಪ್ಲೇಯರ್ (ಹಲವರು ಒಟ್ಟಿಗೆ ಆಡುವ ವ್ಯವಸ್ಥೆ) ‘ಬೇಕಿದ್ದರೆ ಮಾತ್ರ’ ಎಂದು ತಯಾರಕರು ಅಂದರೂ ಬರಲಿರುವ ಲೈಫ್ ಸಿಮ್ಯುಲೇಶನ್ ಆಟದ ಬಗ್ಗೆ ಅಭಿಮಾನಿಗಳಿಗೆ ಯಾಕೆ ಆತಂಕ?

ಯಾಕೆಂದರೆ ಜೊತೆಯಾಟಕ್ಕೆಂದು ಮಾಡುವ ಬದಲಾವಣೆಗಳು ಒಬ್ಬರೇ ಆಡುವವರ ಆಟವನ್ನೂ ಮುಟ್ಟಬಹುದು.

ಮುಖ್ಯ ತೊಡಕು ಸಮಯದ್ದು. ಪಾತ್ರಗಳ ದಿನನಿತ್ಯದ ಬದುಕನ್ನು ನಾವೇ ನಡೆಸುವ ‘ದಿ ಸಿಮ್ಸ್’ನಂಥ ಲೈಫ್ ಸಿಮ್ಯುಲೇಶನ್ ಆಟದಲ್ಲಿ ಗಡಿಯಾರ ನಮ್ಮ ಕೈಯಲ್ಲಿರುತ್ತದೆ. ಮನೆ ಕಟ್ಟುವಾಗ ಆಟ ನಿಲ್ಲಿಸುತ್ತೇವೆ, ಪಾತ್ರ ಮಲಗಿದಾಗ ವೇಗ ಹೆಚ್ಚಿಸುತ್ತೇವೆ. ಅದೇ ಲೋಕದಲ್ಲಿ ಇಬ್ಬರು ಆಡಿದರೆ? ನಾನು ನಿಲ್ಲಿಸಿದರೆ ನಿಮ್ಮ ಆಟವೂ ನಿಲ್ಲಬೇಕು, ಇಲ್ಲವೇ ನಿಲ್ಲಿಸುವ ಅವಕಾಶವೇ ಇಬ್ಬರಿಗೂ ಇರಬಾರದು. ಇಂಥದ್ದನ್ನು ಕೊನೆಯಲ್ಲಿ ಸುಮ್ನೆ ಅಂಟಿಸುವುದು ಕಷ್ಟ. ಸಾಮಾನ್ಯವಾಗಿ ಆಟದ ಬುನಾದಿಯನ್ನೇ ಅದಕ್ಕೆ ಹೊಂದಿಸಿ ಕಟ್ಟಬೇಕಾಗುತ್ತದೆ. ಮಾಡ್‌ಗಳು, ಅಂದರೆ ಆಟಗಾರರೇ ಮಾಡಿ ಸೇರಿಸುವ ಹೊಸ ಅಂಶಗಳು, ಇಬ್ಬರ ಬಳಿ ಬೇರೆ ಬೇರೆ ಇದ್ದರಂತೂ ತಲೆನೋವು ಇನ್ನೂ ಜಾಸ್ತಿ.

ಹಳೆಯ ಕಹಿ ನೆನಪೂ ಇದೆ. ನಗರ ಕಟ್ಟುವ ಆಟವಾದ 2013ರ ‘ಸಿಮ್‌ಸಿಟಿ’ಯನ್ನು ಒಬ್ಬರೇ ಆಡಲೂ ಇಂಟರ್ನೆಟ್ ಬೇಕಿತ್ತು. ಬಿಡುಗಡೆಯ ದಿನಗಳಲ್ಲಿ ಸರ್ವರ್‌ಗಳು ಕೈಕೊಟ್ಟವು, ದುಡ್ಡು ಕೊಟ್ಟ ಹಲವರಿಗೂ ಆಡಲು ಆಗಲಿಲ್ಲ. ಆಫ್‌ಲೈನ್ ಆಟ ಸಿಕ್ಕಿದ್ದು 2014ರಲ್ಲಿ.

ಗೆಳೆಯರ ಜೊತೆ ಒಂದೇ ಮನೆ ಕಟ್ಟಬೇಕು ಅನ್ನುವವರ ಆಸೆಯೂ ನ್ಯಾಯವೇ, ಅಲ್ವಾ? ಆದರೆ ನಾನಾದರೆ ಕೊಳ್ಳುವ ಮೊದಲು ಒಂದನ್ನೇ ನೋಡುತ್ತೇನೆ: ಇಂಟರ್ನೆಟ್ ಇಲ್ಲದೆಯೂ ಆಟ ಪೂರ್ತಿ ನಡೆಯುತ್ತದೆಯೇ?