ತೇಲುವ ಕೆಸರಿಗೆ ದೊಡ್ಡ ಟ್ಯಾಂಕ್ ಪರಿಹಾರವೇ?

ಪ್ರಶ್ನೆ: ತುಮಕೂರಿನ ನಮ್ಮ ವಸತಿ ಸಮುಚ್ಚಯದ 120 ಮನೆಗಳ ಪೈಕಿ ಸದ್ಯ 70ರಲ್ಲಿ ಜನ ವಾಸವಿದ್ದಾರೆ. ಕೊಳಚೆ ನೀರು ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ 60 ಸಾವಿರ ಲೀಟರ್. ಕೆಲವು ತಿಂಗಳಿಂದ ಸೆಟ್ಲಿಂಗ್ ಟ್ಯಾಂಕಿನಲ್ಲಿ (ಕೆಸರು ತಳಕ್ಕೆ ತಂಗುವ ತೊಟ್ಟಿ) ಕೆಸರು ಗಡ್ಡೆಗಡ್ಡೆಯಾಗಿ ತೇಲುತ್ತಿದೆ. ಗಿಡಗಳಿಗೆ ಬಿಡುವ ನೀರು ವಾಸನೆ ಬರುತ್ತಿದೆ. ಏರೇಷನ್ ಟ್ಯಾಂಕನ್ನು (ಕೊಳಚೆಗೆ ಗಾಳಿ ಊದುವ ತೊಟ್ಟಿ) ದೊಡ್ಡದು ಮಾಡಿಸಿ, ಬ್ಯಾಕ್ಟೀರಿಯಾ ಪುಡಿ ಹಾಕಿಸಬೇಕೆಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ತುಮಕೂರು

ಉತ್ತರ: ಟ್ಯಾಂಕ್ ಒಡೆಸುವ ಕೆಲಸಕ್ಕೆ ಕೈಹಾಕಬೇಡಿ. ಮನೆಗೆ ನಾಲ್ವರಂತೆ 280 ಜನ, ತಲಾ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗುತ್ತದೆಂದು ಹಿಡಿದರೆ ನಿಮ್ಮ ಘಟಕಕ್ಕೆ ಬರುವುದು ಸುಮಾರು 30 ಸಾವಿರ ಲೀಟರ್ ಮಾತ್ರ. ಎಲ್ಲ ಮನೆಗಳು ತುಂಬಿದರೂ ಅದು 52 ಸಾವಿರ ಲೀಟರನ್ನು ಮೀರಲಾರದು.

ನಿಮ್ಮ ತೊಂದರೆ ಬಹುಶಃ ಇದಕ್ಕೆ ತದ್ವಿರುದ್ಧವಾದದ್ದು. ಕೊಳಚೆ ಕಡಿಮೆ ಬಂದು, ಹೆಚ್ಚುವರಿ ಕೆಸರನ್ನು (ಕೊಳಚೆ ತಿಂದು ಬೆಳೆದ ಸೂಕ್ಷ್ಮಜೀವಿಗಳ ರಾಶಿ) ಹೊರಹಾಕದೆ ಉಳಿಸಿಕೊಂಡಾಗ ಕೆಸರು ಹಳತಾಗುತ್ತದೆ ಮತ್ತು ಕೊಳಚೆಯಲ್ಲಿನ ಅಮೋನಿಯಾ ಏರೇಷನ್ ಟ್ಯಾಂಕಿನಲ್ಲಿ ಪೂರ್ತಿಯಾಗಿ ನೈಟ್ರೇಟ್ ಆಗುತ್ತದೆ. ಆ ಕೆಸರು ಸೆಟ್ಲಿಂಗ್ ಟ್ಯಾಂಕಿನ ತಳದಲ್ಲಿ ಬಹಳ ಹೊತ್ತು ನಿಂತರೆ, ಕರಗಿದ ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ಆ ಗುಳ್ಳೆಗಳೇ ಕೆಸರನ್ನು ಮೇಲಕ್ಕೆತ್ತುತ್ತವೆ.

ಇದನ್ನು ನೀವೇ ಪರೀಕ್ಷಿಸಬಹುದು. ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರಿನ ಅಳತೆ ಜಾಡಿಯಲ್ಲಿ ತುಂಬಿ ಅಲುಗಾಡದಂತೆ ಇಡಿ. ಅರ್ಧ ಗಂಟೆಯಲ್ಲಿ ಕಂದು ಕೆಸರು ಚೆನ್ನಾಗಿ ತಂಗಿ, ಮೇಲೆ ತಿಳಿನೀರು ನಿಂತು, ಒಂದೆರಡು ಗಂಟೆಯ ನಂತರ ಅದೇ ಕೆಸರು ಎದ್ದು ಬಂದರೆ ಮೇಲೆ ಹೇಳಿದ್ದೇ ಕಾರಣ; ಕಡ್ಡಿಯಿಂದ ಮೆಲ್ಲಗೆ ಕಲಕಿದರೆ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ಅರ್ಧ ಗಂಟೆಯಾದರೂ 700–800 ಮಿ.ಲೀ. ಗುರುತಿನಲ್ಲೇ ನಿಂತಿದ್ದರೆ, ಮಾದರಿಗೆ ಅಷ್ಟೇ ಪ್ರಮಾಣದ ಶುದ್ಧೀಕರಿಸಿದ ನೀರು ಬೆರೆಸಿ ಪುನಃ ನೋಡಿ. ಆಗ ಸಲೀಸಾಗಿ ತಂಗಿದರೆ ಕೆಸರು ಅತಿಯಾಗಿದೆ ಎಂದರ್ಥ. ಆಗಲೂ ತಂಗದಿದ್ದರೆ ಎಳೆಯಂಥ ಬ್ಯಾಕ್ಟೀರಿಯಾಗಳು ಬೆಳೆದಿರಬಹುದು, ಅದರ ಚಿಕಿತ್ಸೆ ಬೇರೆ.

ವಾಸನೆಯ ವಿಷಯ ಮಾತ್ರ ನನಗೆ ಅನುಮಾನ ತಂದಿದೆ, ಏಕೆಂದರೆ ಸಾರಜನಕಕ್ಕೆ ವಾಸನೆಯಿಲ್ಲ. ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿಯಿಡೀ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದಾರೆಯೇ ಎಂದು ವಿಚಾರಿಸಿ. ಅಷ್ಟು ದೀರ್ಘ ವಿರಾಮದಲ್ಲಿ ಕೆಸರು ಕೊಳೆತು ಕಪ್ಪಾಗುತ್ತದೆ. ವಿದ್ಯುತ್ ಉಳಿಸಲೇಬೇಕೆಂದಿದ್ದರೆ ಟೈಮರ್ ಹಾಕಿಸಿ, ಒಮ್ಮೆಗೆ ಅರ್ಧ ಗಂಟೆಯಷ್ಟು ಮಾತ್ರ ನಿಲ್ಲಿಸಿ. ಇದರಿಂದ ನೈಟ್ರೇಟ್‌ನ ಒಂದು ಪಾಲು ಏರೇಷನ್ ಟ್ಯಾಂಕಿನಲ್ಲಿಯೇ ಕಳೆಯುತ್ತದೆ. ಬ್ಲೋವರ್ ಓಡುವಾಗ ಕರಗಿದ ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಇದ್ದರೆ ಸಾಕು.

ಇನ್ನು ಮುಖ್ಯವಾದ ಕೆಲಸ. ಸೆಟ್ಲಿಂಗ್ ಟ್ಯಾಂಕಿನಿಂದ ಕೆಸರನ್ನು ಏರೇಷನ್ ಟ್ಯಾಂಕಿಗೆ ಹಿಂದಿರುಗಿಸುವ ಪೈಪು ಕಟ್ಟಿಕೊಂಡಿದೆಯೇ ನೋಡಿಸಿ, ಇಳಿಜಾರು ಗೋಡೆಗೆ ಅಂಟಿದ ಕೆಸರನ್ನು ಕೆರೆಸಿ. ಒಳಬರುವ ಕೊಳಚೆಯ ಅರ್ಧದಿಂದ ಸಮಪ್ರಮಾಣದಷ್ಟು ಕೆಸರು ಬಿಡುವಿಲ್ಲದೆ ಹಿಂದಿರುಗುತ್ತಿರಬೇಕು. ಹೆಚ್ಚುವರಿಯನ್ನು ತಿಂಗಳಿಗೊಮ್ಮೆ ಟ್ಯಾಂಕರಿಗೆ ತುಂಬಿಸದೆ ದಿನವೂ ಸ್ವಲ್ಪಸ್ವಲ್ಪ ತೆಗೆದು, ಜಾಡಿಯಲ್ಲಿ ಅರ್ಧ ಗಂಟೆಗೆ ತಂಗಿದ ಕೆಸರಿನ ಅಳತೆ 300–400 ಮಿ.ಲೀ.ಗೆ ಇಳಿಯುವವರೆಗೆ ಮುಂದುವರಿಸಿ. ಬೆಳಿಗ್ಗೆ ನುಗ್ಗಿ ಬರುವ ಕೊಳಚೆಯನ್ನು ಸಂಗ್ರಹ ಟ್ಯಾಂಕಿನಲ್ಲಿ ಹಿಡಿದಿಟ್ಟು ದಿನವಿಡೀ ಒಂದೇ ಹದದಲ್ಲಿ ಪಂಪ್ ಮಾಡಬೇಕು.

ಪುಡಿಗೆ ಹಣ ಕೊಡಬೇಡಿ. ಬೇಕಾದ ಸೂಕ್ಷ್ಮಜೀವಿಗಳು ಕೊಳಚೆಯ ಜತೆಗೇ ಬರುತ್ತವೆ.

ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವಾಗ ಬಿಒಡಿ (ನೀರಿನಲ್ಲಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಜತೆಗೆ ಅಮೋನಿಯಾ, ನೈಟ್ರೇಟ್, ಕ್ಷಾರೀಯತೆಗಳನ್ನೂ (ಪಿಎಚ್ ಕುಸಿಯದಂತೆ ತಡೆಯುವ ನೀರಿನ ಗುಣ) ಪರೀಕ್ಷಿಸಲು ಹೇಳಿ. ಒಂದು ಮಿ.ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 7 ಮಿ.ಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಕೊರತೆಯಾಗದು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರನ್ನೇ ಬಳಸುವ ತಿಂಗಳುಗಳಲ್ಲಿ ಪಿಎಚ್ ಕುಸಿಯುತ್ತಿದೆಯೇ ಎಂದು ಗಮನಿಸುತ್ತಿರಿ.