ತಿದ್ದುವ ಕೈಗಿಂತ ಬರೆದ ಕೈ ದೊಡ್ಡದು

ಧಾರವಾಡದ ನಿವೃತ್ತ ಅಧ್ಯಾಪಕಿಯೊಬ್ಬರ ಪತ್ರ: “ಹೊರದೇಶಗಳಲ್ಲಿ ಮನೆಗೆಲಸ ಮಾಡುವ ವಲಸೆ ಮಹಿಳೆಯರ ಬರಹಗಳನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸಿದ್ದೀರಿ. ಅವರ ಕಷ್ಟ ನಿಜ. ಆದರೆ ಬರವಣಿಗೆಯಲ್ಲಿ ಹದವಿಲ್ಲ, ಎಲ್ಲರದೂ ಒಂದೇ ಗೋಳು. ಅವರಿಂದ ಕೇಳಿಕೊಂಡು ಪಳಗಿದ ಲೇಖಕರು ಬರೆದರೆ ಒಳ್ಳೆಯದಲ್ಲವೇ?”

ಸಂಪಾದಕರ ಉತ್ತರ: ವರ್ಷಗಟ್ಟಲೆ ಮಕ್ಕಳ ನೋಟುಪುಸ್ತಕ ತಿದ್ದಿದ ಕೈ ತಮ್ಮದು, ಅಂಕೆ ತಪ್ಪಿದ ವಾಕ್ಯ ಕಂಡರೆ ಕಸಿವಿಸಿಯಾಗುವುದು ಸಹಜ. ಪಳಗಿದವರು ಕೇಳಿ ಬರೆದ ಒಳ್ಳೆಯ ಪುಸ್ತಕಗಳು ಇವೆಯೆಂಬುದನ್ನೂ ಒಪ್ಪುತ್ತೇನೆ. ತಮ್ಮ ಸಲಹೆಯನ್ನು ಮಾತ್ರ ಒಪ್ಪಲಾರೆ.

ತೈವಾನಿನಲ್ಲಿ 2014ರಲ್ಲಿ ವಲಸಿಗರಿಗಾಗಿಯೇ ಒಂದು ಸಾಹಿತ್ಯ ಪ್ರಶಸ್ತಿ ಆರಂಭವಾಯಿತು. ಇಂಡೊನೇಷ್ಯಾ, ವಿಯೆಟ್ನಾಂ, ಫಿಲಿಪ್ಪೀನ್ಸ್, ಥಾಯ್ಲೆಂಡ್‌ಗಳಿಂದ ಬಂದು ವೃದ್ಧರ ಆರೈಕೆ ಮಾಡುವವರು, ಕಾರ್ಖಾನೆಯಲ್ಲಿ ದುಡಿಯುವವರು, ಮದುವೆಯಾಗಿ ಬಂದು ನೆಲೆಸಿದವರು ತಮ್ಮ ತಮ್ಮ ಭಾಷೆಯಲ್ಲಿಯೇ ಬರೆದು ಕಳುಹಿಸಬಹುದಿತ್ತು. ಚೀನೀ ಭಾಷೆಗೆ ಅನುವಾದವೆಲ್ಲ ಆಮೇಲಿನ ಮಾತು. ಇದರ ಹಿಂದಿದ್ದ ಪತ್ರಕರ್ತ ಚಾಂಗ್ ಚೆಂಗ್ 2015ರಲ್ಲಿ ಆಗ್ನೇಯ ಏಷ್ಯಾದ ಭಾಷೆಗಳ ಪುಸ್ತಕದಂಗಡಿ ತೆರೆದರು. ಪ್ರವಾಸ ಹೊರಟ ತಮ್ಮ ನಾಡಿನವರನ್ನು ಅವರು ಕೇಳಿಕೊಂಡದ್ದು ಇಷ್ಟೇ: ಬರುವಾಗ ನಿಮಗೆ ಓದಲು ಬಾರದ ಒಂದು ಪುಸ್ತಕ ತನ್ನಿ. ಎಂಥ ದೊಡ್ಡ ಮನಸ್ಸು!

ಹಾಂಗ್‌ಕಾಂಗಿನಲ್ಲಿ ಹೊರದೇಶಗಳಿಂದ ಬಂದ ಮನೆಗೆಲಸದವರು 3 ಲಕ್ಷಕ್ಕೂ ಹೆಚ್ಚು. ದುಡಿಯುವ ಮನೆಯಲ್ಲಿಯೇ ವಾಸಿಸಬೇಕೆಂಬುದು ಅಲ್ಲಿಯ ನಿಯಮ. ವಾರಕ್ಕೊಂದು ರಜೆ, ಹೆಚ್ಚಿನವರಿಗೆ ಅದು ಭಾನುವಾರ. ಆ ದಿನ ವಿಕ್ಟೋರಿಯಾ ಪಾರ್ಕಿನಲ್ಲಿ ಚಾಪೆ ಹಾಸಿ ಕೂರುವ ಇಂಡೊನೇಷ್ಯಾದ ಹೆಣ್ಣುಮಕ್ಕಳ ನಡುವಿನಿಂದಲೇ ಬರಹಗಾರ್ತಿಯರ ಬಳಗಗಳು ಹುಟ್ಟಿ, ಕಥಾಸಂಕಲನಗಳು ಹೊರಬಂದಿವೆ. ಎಲ್ಲರದೂ ಒಂದೇ ಗೋಳು ಎಂದಿರಿ. ಒಂದೇ ನಿಯಮದಡಿ ಕದ ಮುಚ್ಚಿದ ಮನೆಗಳಲ್ಲಿ ದುಡಿಯುವವರ ಗೋಳು ಬೇರೆ ಬೇರೆಯಾಗುವುದಾದರೂ ಹೇಗೆ?

ತಿದ್ದುವವರು ಏನು ಮಾಡುತ್ತೇವೆ ಎಂಬುದನ್ನು ನನ್ನ ಮೇಜಿನ ಮೇಲೆಯೇ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ, ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳು ಮಗನ ನೋಟುಪುಸ್ತಕದ ನಾಲ್ಕು ಹಾಳೆಗಳಲ್ಲಿ ಬರೆದದ್ದು ನಮಗೆ ತಲುಪಿತು. “ಗುಳೆ ಹೊಂಟಾಗ ಅತ್ತಿ ಕೈಯಾಗ ಕೀಲಿ ಕೊಟ್ಟು, ರೊಟ್ಟಿ ಗಂಟು ಹೊತ್ತು ಬಸ್ ಹತ್ತಿದ್ವಿ” ಎಂದು ಶುರುವಾಗಿತ್ತು. ಉಳಿದದ್ದೆಲ್ಲ ಬಹುಪಾಲು ಲೆಕ್ಕ: ಮೇಸ್ತ್ರಿ ಕೊಟ್ಟ ಮುಂಗಡ, ಮಳೆಯಿಂದ ಕೆಲಸ ನಿಂತ ದಿನಗಳು, ಮುರಿದುಕೊಂಡ ಕೂಲಿ, ಗಂಡನಿಗೆ ಇಷ್ಟು, ತನಗೆ ಇಷ್ಟು. ನಾವು ‘ಗುಳೆ’ಯನ್ನು ‘ವಲಸೆ’ ಮಾಡಿದೆವು, ಲೆಕ್ಕವನ್ನು ತೆಗೆದೆವು, ಆಕೆ ಬರೆಯದಿದ್ದ ಕಣ್ಣೀರನ್ನು ಕೊನೆಗೆ ಸೇರಿಸಿ ಅಚ್ಚು ಹಾಕಿದೆವು. ಗುಳೆ ಹೋದವರು ಮುಂಗಾರಿಗೆ ಹೊಲಕ್ಕೆ ಮರಳುವ ಆಸೆಯಿಟ್ಟುಕೊಂಡೇ ಹೋಗುತ್ತಾರೆ. ‘ವಲಸೆ’ಯಲ್ಲಿ ಆ ಆಸೆ ಎಲ್ಲಿದೆ? ತಾವು ಬೇಸರಪಡುವ ಗೋಳಿನಲ್ಲಿ ನಮ್ಮಂಥ ಪಳಗಿದವರು ಸೇರಿಸಿದ್ದು ಎಷ್ಟೋ!

ನಮ್ಮ ಪತ್ರಿಕೆಗಳ ಮಹಿಳಾ ವಿಶೇಷಾಂಕಗಳನ್ನು ತೆಗೆದು ನೋಡಿ. ಬಡ ಹೆಂಗಸಿನಿಂದ ಕಣ್ಣೀರು ಕೇಳುತ್ತೇವೆ. ಅವಳ ಕೂಲಿಯ ವಿಚಾರ ಬಂದಾಗ ಎಂದೂ ಇಟ್ಟಿಗೆ ಹೊರದ ತಜ್ಞರಿಂದ ಲೇಖನ ಬರೆಸುತ್ತೇವೆ. ಈ ಅನ್ಯಾಯ ಇಷ್ಟು ವರ್ಷ ನಮ್ಮ ಕಣ್ಣಿಗೇ ಬೀಳಲಿಲ್ಲ.

ತಮ್ಮ ಬಡಾವಣೆಯಲ್ಲಿಯೂ ಮನೆ ಕಟ್ಟುವ ಕೆಲಸ ನಡೆಯುತ್ತಿರಬಹುದು. ಅಲ್ಲಿಯ ಹೆಣ್ಣುಮಕ್ಕಳನ್ನು ಸಂಜೆ ಹೊತ್ತು ಕೂಡಿಸಿ, ಬರೆಯಬಲ್ಲವರ ಕೈಗೆ ಹಾಳೆ ಕೊಡಿ. ಬರೆಯಲು ಬಾರದವರ ಮಾತನ್ನು ಅವರಲ್ಲಿಯೇ ಒಬ್ಬಳು ಬರೆದುಕೊಳ್ಳಲಿ. ತಾವು ಕೆಂಪು ಪೆನ್ನನ್ನು ಮನೆಯಲ್ಲಿಯೇ ಬಿಟ್ಟು ಹೋಗಿ. ಬಂದದ್ದನ್ನು ಲೆಕ್ಕದ ಸಮೇತ, ಅವರ ಕಾಗುಣಿತದಲ್ಲಿಯೇ ಅಚ್ಚು ಹಾಕುತ್ತೇನೆ. ಸಂಭಾವನೆ ಬರೆದವರ ಹೆಸರಿಗೇ ಹೋಗುತ್ತದೆ.